ಪೂಜೆಗಿಟ್ಟ ರೌಟರು

ತಬಸ್ಸುಮಳಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಕಿವಿ. ಬಾಯಿಯ ಪಾಳಿ ಆಮೇಲೆ. ಅವತ್ತು ಲಕ್ಷ್ಮೇಶ್ವರದ ಬಸ್ಸು ಕಾಲೇಜಿನ ಹತ್ತಿರದ ಮುಳಗುಂದ ನಾಕಾಕ್ಕೆ ಬಂದು ನಿಲ್ಲುವಷ್ಟರಲ್ಲಿ ಅವಳ ಎರಡೂ ಕಿವಿ ಕೆಂಡವಾಗಿದ್ದವು. ದಾರಿಯಲ್ಲಿ ಕುಬೇರಪ್ಪ ಸರ್ ಫೋನ್ ಮಾಡಿದ್ದರು. ದಸರಾ ರಜೆ ಮುಗಿದ ಮರುದಿನವೇ ಧಾರವಾಡದಿಂದ ಹೊರಗಿನ ಪರೀಕ್ಷಕರು ಬರುತ್ತಾರಂತೆ, ನೆಟ್‌ವರ್ಕ್ ಪ್ರಾಕ್ಟಿಕಲ್ ಪರೀಕ್ಷೆ ಅವತ್ತೇ ಮುಗಿಸಬೇಕಂತೆ. ಇನ್ನು ಹದಿನೆಂಟು ದಿನ. ಮಾತು ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ.

"ಕಪಾಟ ತಗದು ನಾಲ್ಕು ರೌಟರ್ ತೋರ್ಸಿಬಿಡ್ರಿ. ಹುಡುಗರು ಜರ್ನಲ್ಲಿನಾಗ ಬರದದ್ದು ಐತೆಲ್ಲ, ಅಷ್ಟ ಸಾಕು. ಪ್ರತಿ ವರ್ಷ ಹಂಗ ಮಾಡ್ತೀವಿ" ಎಂದುಬಿಟ್ಟಿದ್ದರು.

ಪ್ರತಿ ವರ್ಷ ಹಾಗೇ ಮಾಡುತ್ತಾರೆ, ಅದೇ ಅಲ್ಲವೇ ರೋಗ!

ಕುಬೇರಪ್ಪನವರು ತಬಸ್ಸುಮ ಕೆಲಸ ಮಾಡುತ್ತಿದ್ದ ಖಾಸಗಿ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಕೆಟ್ಟವರಲ್ಲ, ಹಾಗಂತ ಒಳ್ಳೆಯವರೆನ್ನಲು ತಬಸ್ಸುಮಳ ನಾಲಿಗೆ ಹೊರಳುತ್ತಿರಲಿಲ್ಲ. ಅವರ ಕೋಣೆಯಲ್ಲೊಂದು ಗಾಜಿನ ಕಪಾಟು. ಅದರೊಳಗೆ ನಾಲ್ಕು ರೌಟರು, ಅಂದರೆ ಒಂದು ಕಂಪ್ಯೂಟರ್ ಜಾಲದಿಂದ ಇನ್ನೊಂದಕ್ಕೆ ದಾರಿ ತೋರಿಸುವ ಪೆಟ್ಟಿಗೆಗಳು. ತಂದ ದಿನ ಮೈಮೇಲಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಅದರ ಮೇಲೆ ವರ್ಷ ವರ್ಷದ ಖಂಡೇನವಮಿಯ ಆಯುಧಪೂಜೆಯ ವಿಭೂತಿ, ಕುಂಕುಮ ಪದರುಗಟ್ಟಿತ್ತು. ಕೀಲಿ ಸರ್ ಜೇಬಿನಲ್ಲಿ. ಹುಡುಗರ ಕೈಗೆ ಕೊಟ್ಟರೆ ಕೆಡುತ್ತವೆ, ಕೆಟ್ಟರೆ ಜವಾಬ್ದಾರಿ ಯಾರದು ಎಂದು ಅವರ ವಾದ. ಕೆಡಬಾರದೆಂದು ಎಂಟು ವರ್ಷ ಕರೆಂಟು ಸಹ ತೋರಿಸದೆ ಇಟ್ಟಿದ್ದರು, ಪುಣ್ಯಾತ್ಮರು!

ಎಂಟು ವರ್ಷದ ಹಿಂದೆ ಆ ಗಾಜಿಗೆ ಮೂಗು ಹಚ್ಚಿ ನಿಂತ ಹುಡುಗರಲ್ಲಿ ತಬಸ್ಸುಮಳೂ ಒಬ್ಬಳು. ರೌಟರನ್ನು ಒಂದು ಸಲವೂ ಮುಟ್ಟದೆ ಐವತ್ತಕ್ಕೆ ನಲವತ್ತೆಂಟು ಅಂಕ ತೆಗೆದುಕೊಂಡಳು. ಆ ಅಂಕಪಟ್ಟಿ ಹಿಡಿದು ಹುಬ್ಬಳ್ಳಿಯ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದಾಗ ಕಪ್ಪು ಪರದೆಯೊಂದರ ಮುಂದೆ ಕೂರಿಸಿ, "ಈ ರೌಟರಿಗೆ ಒಂದು ವಿಳಾಸ ಕೊಡ್ರಿ, ಸಾಕು" ಎಂದರು. ಹತ್ತು ನಿಮಿಷ ಕೂತಳು. ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ. ಎದುರಿಗಿದ್ದವನು ಅಂಕಪಟ್ಟಿ ನೋಡಿದ, ಅವಳ ಮುಖ ನೋಡಿದ, ನಕ್ಕ. ಬೈದಿದ್ದರೆ ಮರೆಯುತ್ತಿದ್ದಳು. ಆ ನಗೆಯನ್ನು ಮಾತ್ರ ಮರೆಯಲಾಗಲಿಲ್ಲ.

ಈಗ ಅದೇ ಕಾಲೇಜಿನಲ್ಲಿ, ವರ್ಷಕ್ಕೊಮ್ಮೆ ಆರ್ಡರ್ ಹೊಸದಾಗಬೇಕಾದ ಹಂಗಾಮಿ ನೌಕರಿಯಲ್ಲಿ, ಅದೇ ವಿಷಯವನ್ನು ಅವಳೇ ಕಲಿಸುತ್ತಿದ್ದಳು. ಅಂತಿಮ ವರ್ಷದಲ್ಲಿ ಇಪ್ಪತ್ತೆರಡು ಮಂದಿ. ಇವರಲ್ಲಿ ಒಬ್ಬರೂ ಹಾಗೆ ನಗೆಗೀಡಾಗಿ ಬರಬಾರದು, ಈ ಪರೀಕ್ಷೆಯನ್ನು ತಮ್ಮ ಕೈಯಿಂದ ಮಾಡಿ ಹೊರಬೀಳಬೇಕು. ಅವಳ ಹಟ ಇಷ್ಟೇ ಇತ್ತು.

ಕಪಾಟಿನ ರೌಟರು ಸಿಗುವುದಿಲ್ಲವೆಂದರೆ ಕಪಾಟೇ ಬೇಡದ ರೌಟರು ತರುತ್ತೇನೆ ಎಂದು ಹೊರಟಳು. ಕಬ್ಬಿಣವಿಲ್ಲದ, ತಂತಿಯಿಲ್ಲದ, ಬರೀ ಒಂದು ಫೈಲಾಗಿರುವ ರೌಟರು ಅದು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು ಇದ್ದಂತೆ ನಟಿಸುವ ಒಂದು ಪ್ರೋಗ್ರಾಮು ಹಾಕಿ, ಅದರಲ್ಲಿ ಈ ಫೈಲು ತೆರೆದು, ಇಷ್ಟು ಮೆಮರಿ ನಿನಗೆ, ಎರಡು ನೆಟ್‌ವರ್ಕ್ ಕಾರ್ಡು ನಿನಗೆ ಎಂದು ಹೇಳಿಬಿಟ್ಟರೆ ಕಪ್ಪು ಪರದೆಯಲ್ಲಿ ಕಣ್ಣು ಬಿಡುತ್ತದೆ. ಆಮೇಲೆ ಅದು ಎಲ್ಲ ರೀತಿಯಿಂದಲೂ ರೌಟರೇ. ಕಲಿಯುವವರಿಗೆ ಪುಕ್ಕಟೆ. ಲಕ್ಷ್ಮೇಶ್ವರದ ಮನೆಯಲ್ಲಿ ಮೊಬೈಲಿನ ಇಂಟರ್‌ನೆಟ್ಟಿನಿಂದ ಅದನ್ನು ಇಳಿಸಿಕೊಂಡು, ಪೆನ್ ಡ್ರೈವಿಗೆ ಹಾಕಿಕೊಂಡು ಬಂದಳು.

ಬಂದರೆ ಲ್ಯಾಬಿನ ಒಂದು ಕಂಪ್ಯೂಟರೂ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕಂಪ್ಯೂಟರಿನ ತಳದ ಸೆಟ್ಟಿಂಗಿನಲ್ಲಿ ಇಂಥ ನಟನೆಗೆ ಅನುಮತಿ ಕೊಡುವ ಆಯ್ಕೆ ಬಂದಾಗಿತ್ತು. ಅದನ್ನು ಚಾಲೂ ಮಾಡಲು ಪಾಸ್‌ವರ್ಡು ಬೇಕು. ಪಾಸ್‌ವರ್ಡು ಇಟ್ಟವನು ಕಂಪ್ಯೂಟರು ಪೂರೈಸಿದವನು, ಅವನು ಅಂಗಡಿ ಮುಚ್ಚಿ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ತಬಸ್ಸುಮ ಹಲ್ಲು ಕಡಿದು, ಸಿಪಾಯಿ ಗೋಣೆಪ್ಪನನ್ನು ಕರೆದು, ಇಪ್ಪತ್ತಮೂರು ಕಂಪ್ಯೂಟರಿನ ಹೊಟ್ಟೆ ಬಿಚ್ಚಿಸಿ, ಆ ಸೆಟ್ಟಿಂಗು ನೆನಪಿಡಿಸುವ ಗುಂಡಿ ಸೆಲ್ಲು ತೆಗೆದು ಮತ್ತೆ ಹಾಕಿದಳು. ಪಾಸ್‌ವರ್ಡು ಹಾರಿಹೋಯಿತು. ಗೋಣೆಪ್ಪ ಸ್ಕ್ರೂಗಳನ್ನು ಚಹಾದ ಬಸಿಯಲ್ಲಿ ಎಣಿಸಿ ಎಣಿಸಿ ಇಟ್ಟುಕೊಂಡು ನಾಲ್ಕು ದಿನ ಅವಳ ಜೊತೆ ನೆಲದ ಮೇಲೆ ಕೂತ. ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ, ಒಂದು ದಿನವೂ ಬೇಸರಪಡಲಿಲ್ಲ.

ಆಮೇಲೆ ಅವಳದೇ ಒಂದು ಪೆದ್ದತನ. ಸಿದ್ಧವಾದ ಒಂದು ರೌಟರನ್ನು ಎಲ್ಲ ಕಂಪ್ಯೂಟರಿಗೂ ಹಾಗೇ ನಕಲು ಮಾಡಿಬಿಟ್ಟಿದ್ದರಿಂದ ಎಲ್ಲಕ್ಕೂ ಒಂದೇ ಗುರುತಿನ ನಂಬರು ಬಂದು, ಯಾರಿಗೆ ಬಂದ ಉತ್ತರ ಯಾರಿಗೋ ಹೋಗಿ, ಒಂದು ಮಧ್ಯಾಹ್ನ ಪೂರ್ತಿ ಹಾಳಾಯಿತು. ತನ್ನನ್ನು ತಾನೇ ಬೈದುಕೊಂಡು ಒಂದೊಂದಕ್ಕೂ ಹೊಸ ನಂಬರು ಕೊಟ್ಟಳು.

ಅಷ್ಟಾದ ಮೇಲೆ ಹುಡುಗರು ಕೂತರು ನೋಡಿ! ಬೆಟಗೇರಿಯ ನೇಕಾರರ ಹುಡುಗಿ ಪ್ರಿಯಾ ತನ್ನ ರೌಟರಿಗೆ ಬೆಟಗೇರಿ ಎಂದೇ ಹೆಸರಿಟ್ಟಳು. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ಊರಿನ ಹೆಸರು ಬಡಿದರು. ಮುಂಡರಗಿಯಿಂದ ಶಿರಹಟ್ಟಿಗೆ ದಾರಿ, ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ದಾರಿ. ಮೊದಲ ಸಲ ಮುಂಡರಗಿಯಿಂದ ಲಕ್ಷ್ಮೇಶ್ವರಕ್ಕೆ ಸಂದೇಶ ಹೋಗಿ ಉತ್ತರ ತಿರುಗಿ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ, "ಮೇಡಮ್ಮರ, ಬಸ್ಸಿನಕಿಂತ ಜಲ್ದಿ ಮುಟ್ತ್ರಿ!" ಎಂದು ಕೂಗಿದ. ಇಡೀ ಲ್ಯಾಬು ನಕ್ಕಿತು. ಆ ಒಂದು ದಿನ ತಬಸ್ಸುಮಳ ಕಿವಿ ತಣ್ಣಗಿದ್ದವು.

ಖಂಡೇನವಮಿಯ ಹಿಂದಿನ ದಿನ ಅವಳು ಪರೀಕ್ಷೆಯ ಜಾಲ ಸಿದ್ಧಮಾಡಿ ಮುಗಿಸುತ್ತಿದ್ದಳು. ತನ್ನ ಮೇಜಿನ ದೊಡ್ಡ ಕಂಪ್ಯೂಟರಿನಲ್ಲಿ ಐದು ರೌಟರು, ನಡುವೆ ಬೇಕೆಂದೇ ಇಟ್ಟ ಮೂರು ತಪ್ಪು. ಹುಡುಗರು ಅದಕ್ಕೆ ಸೇರಿಕೊಂಡು ತಪ್ಪು ಹುಡುಕಿ ಸರಿಮಾಡಬೇಕು. ಎರಡು ದಿನದ ಕೆಲಸ. ಮುಗಿಯುವ ಹೊತ್ತಿಗೆ ಕುಬೇರಪ್ಪ ಸರ್ ಬಂದು ಹಿಂದೆ ನಿಂತರು.

"ಇದರಾಗ ರೌಟರ್ ಎಲ್ಲೈತಿ?"

"ಇದರೊಳಗ ಐತ್ರಿ ಸರ್. ಐದು ಅದಾವ."

"ಕಣ್ಣಿಗೆ ಕಾಣದ್ದನ್ನ ರೌಟರ್ ಅಂತ ಹೆಂಗ ತೋರಿಸ್ತಿ ತಂಗಿ? ಪರೀಕ್ಷಕರು ಕೇಳಿದ್ರ ನನ್ನ ಮಾನ ಹೋಗ್ತೈತಿ. ಕಪಾಟಿನಾಗ ಖರೇ ರೌಟರ್ ಇಟ್ಟುಕೊಂಡು ನೀ ಇಲ್ಲಿ ಆಟಕಿ ಸಾಮಾನ ಹಚ್ಚಿ ಕುಂತೀಯಲ್ಲ."

ಆಟಿಕೆ! ಹದಿನೈದು ದಿನ ನೆಲದ ಮೇಲೆ ಕೂತು ಬೆನ್ನು ಮುರಿದುಕೊಂಡದ್ದು ಆಟಿಕೆಗೆ! ತಬಸ್ಸುಮಳ ಮೈಯೆಲ್ಲ ಉರಿಯಿತು. "ಕಪಾಟಿನಾಗಿರೋದ ಆಟಕಿ ಸರ್. ಆಟಕಿ ಆದ್ರೂ ಹುಡುಗರ ಕೈಯಾಗ ಇರತೈತಿ, ನಿಮ್ಮ ರೌಟರ್ ಅದಕ್ಕೂ ಇಲ್ಲ" ಎಂದವಳೇ ಚೀಲ ಹೆಗಲಿಗೇರಿಸಿ, ಹಿಂತಿರುಗಿ ನೋಡದೆ ಬಸ್ಸಿಗೆ ನಡೆದಳು.

ಎರಡು ದಿನ ಕಳೆದು ಪರೀಕ್ಷೆಯ ಬೆಳಿಗ್ಗೆ ಒಂಬತ್ತಕ್ಕೆ ಬಂದು ಲ್ಯಾಬಿನ ಬಾಗಿಲು ತೆರೆದರೆ ಚೆಂಡುಹೂವಿನ ವಾಸನೆ. ಒಂದೊಂದು ಕಂಪ್ಯೂಟರಿಗೂ ಹೂವಿನ ಸರ, ಪರದೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಗೋಡೆಯ ಮೇನ್ ಸ್ವಿಚ್ಚು ಕೆಳಗಿತ್ತು. ಸ್ವಿಚ್ಚು ಮೇಲೆತ್ತಿ, ದೊಡ್ಡ ಕಂಪ್ಯೂಟರು ಚಾಲೂ ಮಾಡಿ, ಐದೂ ರೌಟರು ಎಬ್ಬಿಸಿದಳು. ಐದೂ ಈಗ ತಾನೇ ಹುಟ್ಟಿದವರಂತೆ ನನಗೇನು ಹೆಸರಿಡುತ್ತೀರಿ ಎಂದು ಕೇಳುತ್ತ ನಿಂತಿದ್ದವು. ಹೆಸರಿಲ್ಲ, ವಿಳಾಸವಿಲ್ಲ, ದಾರಿಯಿಲ್ಲ.

"ಗೋಣೆಪ್ಪಾ!" ಎಂದು ಅವಳು ಕೂಗಿದ ಕೂಗಿಗೆ ವರಾಂಡದಲ್ಲಿದ್ದ ಹುಡುಗರೆಲ್ಲ ಸುಮ್ಮನಾದರು. ಗೋಣೆಪ್ಪ ಕಸಬರಿಗೆ ಹಿಡಿದೇ ಓಡಿ ಬಂದ.

"ಮೇನ್ ಯಾಕ ಬಂದ್ ಮಾಡಿದಿ? ಯಾರು ಹೇಳಿದ್ರು ನಿನಗ? ಎರಡು ದಿನದ ಕೆಲಸ ಮಣ್ಣುಪಾಲು ಮಾಡಿದೆಲ್ಲೋ ಮಾರಾಯಾ! ಇಪ್ಪತ್ತೆರಡು ಮಂದಿ ಹೊರಗ ನಿಂತಾರ, ನಾ ಈಗ ಏನು ತೋರಿಸ್ಲಿ ಅವರಿಗೆ?"

ಹಿರಿಯ ಮನುಷ್ಯನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. ಗೋಣೆಪ್ಪನ ಮುಖ ಬಾಡಿತು.

"ಖಂಡೇನವಮಿ ದಿನ ಆಯುಧ ಮಲಗಬೇಕಲ್ರಿ ಮೇಡಮ್ಮರ. ಅವತ್ತ ಕೆಲಸಕ್ಕ ಹಚ್ಚಬಾರದು. ಇಷ್ಟು ವರ್ಷ ಕಪಾಟಿನ ನಾಲ್ಕಕ್ಕಷ್ಟ ಪೂಜಿ ಮಾಡ್ತಿದ್ದೆ. ಈ ಸಲ ಇವ ಖರೇ ದುಡಿಯೂವು ಅಂತ ಅನ್ನಿಸ್ತ್ರಿ. ಅದಕ್ಕ ಇವಕ್ಕೂ ಮಾಡಿದೆ. ತಪ್ಪಾತೇನ್ರಿ?"

ಸ್ವಿಚ್ಚು ತೆಗೆದರೆ ರೌಟರು ಎಲ್ಲ ಮರೆಯುವುದು ಯಾವಾಗ? ಹೇಳಿದ್ದನ್ನೆಲ್ಲ ಉಳಿಸಿಕೋ ಎಂದು ಕೊನೆಗೆ ಒಂದು ಶಬ್ದ ಬಡಿಯದಿದ್ದಾಗ. ಆ ಶಬ್ದ ಬಡಿಯದೆ ಕುರ್ಚಿ ಬಿಟ್ಟು ಏಳಬೇಡಿ ಎಂದು ದಿನಕ್ಕೆ ಹತ್ತು ಸಲ ಹುಡುಗರಿಗೆ ಗಂಟಲು ಹರಿದುಕೊಂಡು ಹೇಳಿದವಳು ತಬಸ್ಸುಮ. ಅವತ್ತು ಸಿಟ್ಟಿನ ಭರದಲ್ಲಿ ಚೀಲ ಹೆಗಲಿಗೇರಿಸುವಾಗ ಬಡಿದಿದ್ದಳೇ? ಇಲ್ಲ. ಗೋಣೆಪ್ಪ ಮುಟ್ಟಿದ್ದು ಸ್ವಿಚ್ಚು ಮಾತ್ರ, ಕೆಲಸ ಕಳೆದವಳು ತಾನೇ. ಅವಳಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಇನ್ನೂ ಸಿಟ್ಟು ಬಂತು.

"ತಪ್ಪು ನಂದ ರೀ ಗೋಣೆಪ್ಪಣ್ಣ. ನಿಮ್ಮದಲ್ಲ. ನಾ ಹಂಗ ಕೂಗಬಾರದಾಗಿತ್ತು" ಎಂದಳು. ಗೋಣೆಪ್ಪ ಒಂದು ಒದ್ದೆ ಬಟ್ಟೆ ತಂದು ಪರದೆಗಳ ವಿಭೂತಿ ಒರೆಸತೊಡಗಿದ.

ಅಷ್ಟರಲ್ಲಿ ಪರೀಕ್ಷಕರೇ ಬಂದುಬಿಟ್ಟರು. ಜೊತೆಗೆ ಕುಬೇರಪ್ಪ ಸರ್, ಕೈಯಲ್ಲಿ ಕಪಾಟಿನ ಕೀಲಿ. ಸುದ್ದಿ ಕೇಳಿ ಅವರ ಮುಖದ ಮೇಲೆ ಸಮಾಧಾನ ಕಂಡಿತಲ್ಲ, ತಬಸ್ಸುಮಳಿಗೆ ಅದು ಸಹಿಸಲಾಗಲಿಲ್ಲ.

"ಆತಲ್ಲ ಈಗ. ನಾ ಹೇಳಿದ್ದ ಬಂತು. ಬರ್ರಿ, ಕಪಾಟ ತಗೀತೀನಿ."

ಬಾಗಿಲಲ್ಲಿ ನಿಂತಿದ್ದ ಪ್ರಿಯಾ ಒಳಗೆ ಕತ್ತು ಹಾಕಿದಳು. "ಮೇಡಮ್ಮರ, ನಿಮ್ಮ ಐದು ಹೋದ್ರ ಹೋಗ್ಲಿ ಬಿಡ್ರಿ. ನಾವ ಎಲ್ಲಾರೂ ಮೊದಲಿಂದ ಕಟ್ಟೂಣೇನ್ರಿ?"

ತಬಸ್ಸುಮ ಪರೀಕ್ಷಕರ ಕಡೆ ತಿರುಗಿದಳು. "ಪ್ರಶ್ನೆ ಬದಲು ಮಾಡ್ತೀನ್ರಿ ಸರ್. ಒಬ್ಬೊಬ್ಬರೂ ಹೊಸ ರೌಟರ್ ಎಬ್ಬಿಸಿ, ಎರಡೂ ಬಾಜೂದವರನ್ನ ಕೂಡಿಸಿಕೊಂಡು, ದೂರದ ಒಂದು ಊರು ಮುಟ್ಟಿ ತೋರಿಸ್ಬೇಕು. ಮೂರು ತಾಸು. ಒಪ್ಪಿಗಿ ಐತೇನ್ರಿ?" ಪರೀಕ್ಷಕರು ಗಡಿಯಾರ ನೋಡಿ, ಮಧ್ಯಾಹ್ನದ ಟ್ರೇನಿಗೆ ತಡವಾಗದಿದ್ದರೆ ಸರಿ ಎಂದರು.

ಮೂರು ತಾಸು ಲ್ಯಾಬಿನಲ್ಲಿ ಕೀಬೋರ್ಡುಗಳ ಸಪ್ಪಳ ಬಿಟ್ಟರೆ ಬೇರೆ ಇರಲಿಲ್ಲ. ತಬಸ್ಸುಮ ಯಾರಿಗೂ ಒಂದಕ್ಷರ ಹೇಳಿಕೊಡಲಿಲ್ಲ, ಕೈ ಕಟ್ಟಿಕೊಂಡು ನಿಂತಳು. ಪರೀಕ್ಷಕರು ಮೊದಲು ಪೇಪರ್ ಓದುತ್ತಿದ್ದವರು ಆಮೇಲೆ ಎದ್ದು ಬೆಂಚಿನಿಂದ ಬೆಂಚಿಗೆ ತಿರುಗಿದರು. ಪ್ರಿಯಾ ಎರಡು ಸಲ ದಾರಿ ತಪ್ಪಿಸಿ, ಅಳಿಸಿ, ಮೂರನೆಯ ಸಲಕ್ಕೆ ಮುಂಡರಗಿ ಮುಟ್ಟಿದಳು. ಒಬ್ಬರಾದ ಮೇಲೊಬ್ಬರಿಗೆ ಉತ್ತರ ಬರತೊಡಗಿತು. ಇಪ್ಪತ್ತೊಂದು ಮಂದಿಗೆ ಬಂತು. ಬಾರದವನು ಒಬ್ಬನೇ, ಶಿಗ್ಲಿಯ ಸುನಿಲಕುಮಾರ. ಹೆಸರಿಟ್ಟ, ಒಂದು ವಿಳಾಸ ಕೊಟ್ಟ, ಅಲ್ಲಿಗೆ ಕೈ ನಿಂತಿತು. ಉಳಿದ ಹೊತ್ತೆಲ್ಲ ಕಪ್ಪು ಪರದೆ ನೋಡುತ್ತ ಕೂತ.

ಅಂಕ ಹಾಕಿದಳು. ನಲವತ್ತೇಳು, ಮೂವತ್ತೆಂಟು, ಪ್ರಿಯಾಳಿಗೆ ನಲವತ್ತನಾಲ್ಕು, ಸುನಿಲಕುಮಾರನಿಗೆ ಒಂಬತ್ತು. ಪಾಸಾಗಲು ಇಪ್ಪತ್ತು ಬೇಕು. ಆ ಹೊತ್ತಿಗೆ ಕುಬೇರಪ್ಪ ಸರ್ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಟೈಪಾದ ಹಾಳೆ. ಇಪ್ಪತ್ತೆರಡು ಹೆಸರು, ಎಲ್ಲರ ಮುಂದೆ ನಲವತ್ತೆಂಟು. ಇವಳ ಸಹಿಗೆ ಜಾಗ ಬಿಟ್ಟಿತ್ತು.

"ಇದು ಯಾವಾಗ ಟೈಪ್ ಆತ್ರಿ ಸರ್?"

"ಹೋದ ವಾರ. ಸಹಿ ಹಾಕ್ರಿ, ಅವರಿಗೆ ಟ್ರೇನಿಗೆ ಹೊತ್ತಾತು."

"ಪರೀಕ್ಷಾ ಇವತ್ತ ಆಗೈತಿ. ಅಂಕ ಹೋದ ವಾರ ಬಂದಾವ. ಹೆಂಗ್ರಿ ಸರ್ ಇದು?" ಅವಳ ದನಿ ಏರಿತು. "ಮೂರು ತಾಸು ಆ ಹುಡುಗರು ಉಸಿರು ಹಿಡಿದು ಕುಂತಿದ್ರಲ್ಲ, ನೀವೂ ನೋಡಿದ್ರಿ, ಅದಕ್ಕೇನೂ ಕಿಮ್ಮತ್ತಿಲ್ಲೇನ್ರಿ? ಹಿಂಗ ಬರದು ನನ್ನನ್ನೂ ಕಳಿಸಿದ್ರಲ್ರಿ ನೀವು. ಹುಬ್ಬಳ್ಳ್ಯಾಗ ನನ್ನ ನೋಡಿ ನಕ್ರು. ಅವತ್ತ ಅವರು ನಕ್ಕಿದ್ದು ನನ್ನ ನೋಡಿ ಅಲ್ಲ ಸರ್, ನಿಮ್ಮ ಸಹಿ ನೋಡಿ!"

ಕುಬೇರಪ್ಪನವರ ಮುಖ ಕಪ್ಪಿಟ್ಟಿತು. "ದನಿ ಇಳಿಸು. ನಿನ್ನ ಹಾಳಿ ಕಳಿಸಿದ್ರ ಒಬ್ಬ ಫೇಲ್ ಆಗ್ತಾನ. ಉಳಿದ ಇಪ್ಪತ್ತೊಂದು ಮಂದಿಗೂ ಅಂಕ ಕಡಿಮಿ ಆಗ್ತಾವ. ಹುಡುಗರ ಒಳ್ಳೇದು ಯಾರು ನೋಡಾಕತ್ತೀವಿ, ನೀನೋ ನಾನೋ? ಡಿಸೆಂಬರಿಗೆ ನಿನ್ನ ಆರ್ಡರ್ ಮುಗೀತೈತಿ, ಅದೂ ನೆನಪಿಟ್ಕೋ."

ಪೆನ್ನು ಹಿಡಿದ ಕೈ ಅಲ್ಲಿಗೇ ನಿಂತಿತು. ನೌಕರಿಯ ಮಾತಿಗಲ್ಲ, ಆ ಮೊದಲಿನ ಮಾತಿಗೆ. ಖರೆಯಲ್ಲವೇ? ಇವಳ ಪ್ರಾಮಾಣಿಕತನಕ್ಕೆ ಅಂಕ ಕಳೆದುಕೊಳ್ಳುವವರು ಆ ಹುಡುಗರು. ಪರೀಕ್ಷಕರು ಕಿಟಕಿಯ ಕಡೆ ಮುಖ ಮಾಡಿ, "ನೀವಿಬ್ಬರೂ ಏನಾರ ಒಂದು ಮಾಡ್ರಿ, ಎರಡೂ ಸಹಿ ಇರೂ ಹಾಳೀಗೆ ನಾ ಸಹಿ ಹಾಕ್ತೀನಿ" ಎಂದರು.

ಬಾಗಿಲಲ್ಲಿ ಹುಡುಗರೆಲ್ಲ ಕೇಳಿಸಿಕೊಂಡಿದ್ದರು. ಪ್ರಿಯಾ ಒಳಗೆ ಬಂದಳು.

"ನಂದೆಷ್ಟ್ರಿ ಮೇಡಮ್ಮರ?"

"ನಲವತ್ತನಾಲ್ಕು."

"ಅದನ್ನ ಬರೀರಿ ಮತ್ತ." ಆಮೇಲೆ ಕುಬೇರಪ್ಪನವರ ಕಡೆ ತಿರುಗಿದಳು. "ಎರಡು ಸಲ ತಪ್ಪೀನ್ರಿ ಸರ್, ಆರು ಹೋದ್ವು, ಬರೋಬ್ಬರಿ ಐತಿ. ನಮ್ಮಪ್ಪ ಮಗ್ಗದಾಗ ಎಳಿ ತಪ್ಪಿದ್ರ ಬಿಚ್ಚಿ ಮತ್ತ ನೇಯ್ತಾನ. ಆ ನಲವತ್ತೆಂಟು ಯಾರವೋ ನನಗ ಗೊತ್ತಿಲ್ಲ. ನನ್ನವು ನನಗ ಕೊಡ್ರಿ."

ತಬಸ್ಸುಮ ಟೈಪಾದ ಹಾಳೆಯನ್ನು ನಡುವಿಗೆ ಹರಿದಳು. ತನ್ನ ಕೈಬರಹದ ಹಾಳೆಗೆ ಸಹಿ ಹಾಕಿ ಮುಂದೆ ತಳ್ಳಿದಳು. ಪರೀಕ್ಷಕರು ಅದನ್ನು ಓದಿ, ಎರಡನೆಯ ಸಹಿಗೆ ಕಾಯದೆ ತಾವೂ ಸಹಿ ಹಾಕಿದರು. ಬಾಗಿಲ ತುಂಬ ಹುಡುಗರು ನಿಂತು ನೋಡುತ್ತಿರುವಾಗ ಕುಬೇರಪ್ಪನವರಿಗೂ ಬೇರೆ ದಾರಿ ಉಳಿಯಲಿಲ್ಲ. ಸಹಿ ಗೀಚಿ, ಕಾಗದ ತೂತು ಬೀಳುವ ಹಾಗೆ ಚುಕ್ಕೆ ಒತ್ತಿ, "ಡಿಸೆಂಬರ್" ಎಂದಷ್ಟೇ ಹೇಳಿ ಹೊರಗೆ ನಡೆದರು.

ಹುಡುಗರು ಚಪ್ಪಾಳೆ ತಟ್ಟಿಕೊಂಡು ಇಳಿದುಹೋದ ಮೇಲೆ ಸುನಿಲಕುಮಾರ ಒಬ್ಬನೇ ಉಳಿದಿದ್ದ.

"ಒಂಬತ್ತೇನ್ರಿ?"

"ಹೌದು."

"ಮಧ್ಯಾಹ್ನ ನಾ ಝೆರಾಕ್ಸ್ ಅಂಗಡ್ಯಾಗ ಇರತೀನಿ, ಲ್ಯಾಬಿಗೆ ಬರಾಕ ಆಗಂಗಿಲ್ಲ ಅಂತ ಸರ್‌ಗೆ ಹೇಳಿದ್ದೆ. ಪ್ರಾಕ್ಟಿಕಲ್ ಎಲ್ಲಾರೂ ಪಾಸ ಆಗ್ತಾರ, ಬರದಿದ್ರೂ ನಡೀತೈತಿ ಅಂದ್ರು. ನಾ ನಂಬಿದೆ." ಅವನ ಕಣ್ಣು ತುಂಬಿದ್ದವು. "ಇಷ್ಟು ವರ್ಷ ಎಲ್ಲಾರಿಗೂ ನಡೀತ್ರಿ. ನಿಮಗೂ ನಡೀತು. ನನ್ನ ಪಾಳಿ ಬಂದಾಗ ಖರೇತನ ನೆನಪಾತೇನ್ರಿ ನಿಮಗ?"

ತಬಸ್ಸುಮಳಿಗೆ ಹುಬ್ಬಳ್ಳಿಯ ನಗೆಯೂ ಇಷ್ಟು ನೋವು ಮಾಡಿರಲಿಲ್ಲ. ತಪ್ಪು ಮಾಡಿದವರು ಯಾರೋ, ಬಿಲ್ಲು ಮಾತ್ರ ಬಡಪಾಯಿಯ ಕೈಗೆ. ಅದನ್ನು ಕೊಟ್ಟ ಕೈ ತನ್ನದೇ.

"ನಿನ್ನ ಸಿಟ್ಟು ಖರೆ ಐತಿ" ಎಂದಳು. "ಜನವರ್ಯಾಗ ಮರುಪರೀಕ್ಷಾ ಇರತೈತಿ. ನಾಳಿಂದ ಅಂಗಡಿಗೆ ಹೋಗೂ ಮೊದಲು, ಮುಂಜಾನೆ ಎಂಟಕ್ಕ ಬಾ. ನಾ ಮೊದಲ ಬಸ್ಸಿಗೆ ಬರ್ತೀನಿ."

"ಡಿಸೆಂಬರಿಗೆ ನಿಮ್ಮನ್ನ ತಗದ್ರ?"

"ತಗದ್ರ ಶಿಗ್ಲಿಗೆ ಬರ್ತೀನಿ. ಲಕ್ಷ್ಮೇಶ್ವರದಿಂದ ದೂರೇನಿಲ್ಲ. ನಿಮ್ಮ ಮನಿ ಕಟ್ಟಿ ಮ್ಯಾಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಂಡ್ರೂಣು." ಅವಳು ಅವನ ಕಂಪ್ಯೂಟರಿನ ಮುಂದೆ ಇನ್ನೊಂದು ಕುರ್ಚಿ ಎಳೆದಳು. "ನಾಳಿ ಯಾಕ, ಈಗ ಕುಂಡ್ರು."

ಅವನು ತನ್ನ ಕುರ್ಚಿಯನ್ನು ನೆಲಕ್ಕೆ ಕರಕರ ಎಳೆದು, ಅವಳ ಮುಖ ನೋಡದೆ ಕೂತ.

"ನನ್ನ ಸಿಟ್ಟೇನೂ ಇಳಿದಿಲ್ರಿ" ಎಂದ.

"ಇಳಿಯೂದು ಬ್ಯಾಡ" ಎಂದಳು ತಬಸ್ಸುಮ. "ಎರಡನೇ ಕಾರ್ಡು ಇನ್ನೂ ಬಂದ್ ಐತಿ ನೋಡು. ಮೊದಲು ಅದನ್ನ ಚಾಲೂ ಮಾಡು."